ಒಂದೇ ಅಲಗು, ಎರಡು ಲೋಹ!

ಚೂರಿಯನ್ನು ಬೆಳಕಿಗೆ ಹಿಡಿದು ತುಸು ಓರೆ ಮಾಡಿ ನೋಡಿ. ಅಲಗಿನ ಉದ್ದಕ್ಕೂ ಸಣ್ಣಗೆ ಬಳುಕುವ ಒಂದು ಗೆರೆ ಕಾಣುತ್ತದೆ. ಗೆರೆಯ ಮೇಲೆ ಮಂಕು ಬೂದು, ಕೆಳಗೆ ಥಳಥಳ ಹೊಳಪು. ಯಾರೂ ಬಿಡಿಸಿದ ಚಿತ್ತಾರವಲ್ಲ ಅದು! ಮೆತ್ತನೆಯ ಕಬ್ಬಿಣವೂ ಗಡಸು ಉಕ್ಕೂ ಬೆಂಕಿಯಲ್ಲಿ ಕಾದು, ಸುತ್ತಿಗೆಯ ಪೆಟ್ಟಿಗೆ ಒಂದಾದ ಗಡಿ ಅದು.

ಇಂಥ ಚೂರಿಗಳು ಹುಟ್ಟುವುದು ಜಪಾನಿನ ಒಸಾಕಾ ಪ್ರಾಂತ್ಯದ ಸಕಾಯಿ ಊರಿನಲ್ಲಿ. 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಹೊಗೆಸೊಪ್ಪು ಜಪಾನಿಗೆ ಬಂತು. ಅದನ್ನು ಎಳೆ ಎಳೆಯಾಗಿ ಹೆಚ್ಚಲು ಇಲ್ಲಿನ ಕಮ್ಮಾರರು ಮಾಡಿದ ಕತ್ತಿಗಳು ಎಷ್ಟು ಹರಿತವಾಗಿದ್ದವೆಂದರೆ, ಮುಂದೆ ಜಪಾನನ್ನು ಆಳಿದ ತೊಕುಗಾವಾ ಆಡಳಿತವೇ ಅವುಗಳಿಗೆ ತನ್ನ ಮುದ್ರೆ ಒತ್ತಿಸಿತು. ಹಸಿ ಮೀನನ್ನು ತೆಳ್ಳಗೆ ಸೀಳುವ ಯನಾಗಿಬಾ ಚೂರಿಗೆ ಇಂದಿಗೂ ಈ ಊರೇ ಹೆಸರುವಾಸಿ.

ಕುಲುಮೆಮನೆಯಲ್ಲಿ ಕತ್ತಲು. ಬೇಕೆಂದೇ ಇಟ್ಟುಕೊಂಡ ಕತ್ತಲು! ಕಾದ ಉಕ್ಕಿನ ಬಣ್ಣ ನೋಡಿಯೇ ಕಮ್ಮಾರ ಶಾಖ ಅಳೆಯುತ್ತಾನೆ. ಅಲಗಿಗೆ ಕೆಸರು ಬಳಿದು, ಒಣಗಿಸಿ, ಸುಮಾರು 800 ಡಿಗ್ರಿಗೆ ಕಾಯಿಸಿ, ಚೊಯ್ಯೆಂದು ನೀರಿಗೆ ಅದ್ದುತ್ತಾನೆ. ಶಾಖ ಮೀರಿದರೆ ಅಲಗು ಪೆಡಸಾಗುತ್ತದೆ, ಸಾಲದಿದ್ದರೆ ಗಡಸೇ ಬರುವುದಿಲ್ಲ. ಆ ಒಂದು ಗಳಿಗೆಯಲ್ಲಿ ಇಂಗಾಲದ ಪರಮಾಣುಗಳು ಕಬ್ಬಿಣದ ಹರಳುಗಳೊಳಗೆ ಸಿಕ್ಕಿಬಿದ್ದು, ಹೊರಬರಲಾಗದೆ ಅಲ್ಲೇ ಬಿಗಿದುಕೊಳ್ಳುತ್ತವೆ. ಆ ಬಿಗಿತವೇ ಗಡಸುತನ! ಇಂಥ ಚೂರಿಗಳಿಗೆ ಬಳಸುವ, ಶಿಮಾನೆ ಪ್ರಾಂತ್ಯದ ಯಾಸುಗಿಯಿಂದ ಬರುವ ಶಿರೊಗಾಮಿ 2 ಉಕ್ಕಿನಲ್ಲಿ ಇಂಗಾಲವಾದರೂ ಎಷ್ಟು? ಶೇ. 1.1ರ ಆಸುಪಾಸು. ನೂರು ಗ್ರಾಂ ಉಕ್ಕಿಗೆ ಒಂದು ಗ್ರಾಂ ಚಿಲ್ಲರೆ, ಅಷ್ಟೇ!

ಇಷ್ಟಾದರೂ ಚೂರಿ ಇನ್ನೂ ಮೊಂಡು. ಅಂಚು ತೆಗೆಯುವವರು ಬೇರೆ, ಹಿಡಿ ಹಾಕುವವರು ಬೇರೆ. ಸಾಣೆಯವರ ಕೈಚಳಕ ಕಾಣಬೇಕೆಂದರೆ ಅಲಗಿನ ಹಿಂಬದಿ ಸವರಬೇಕು. ಚಪ್ಪಟೆ ಎಂದುಕೊಂಡ ಆ ಮೈ ಥಟ್ಟನೆ ಕಣ್ಣಿಗೆ ಕಾಣದಷ್ಟು ನವಿರಾಗಿ ಒಳಗೆ ತಗ್ಗಿದೆ! ಮೀನಿನ ತುಣುಕು ಅಂಟದಿರಲೆಂದು, ಮುಂದೆ ಕಲ್ಲಿನ ಮೇಲೆ ಮಸೆಯುವುದು ಹಗುರಾಗಲೆಂದು ಈ ತಗ್ಗು. ಅಡುಗೆಯವನು ಒತ್ತುವುದಿಲ್ಲ, ಬುಡದಿಂದ ತುದಿಯವರೆಗೆ ಒಮ್ಮೆ ಎಳೆಯುತ್ತಾನೆ. ಮಾಂಸ ಜಜ್ಜಿಹೋಗದೆ ನುಣ್ಣಗೆ ಬೇರೆಯಾಗುತ್ತದೆ. ಹಿಡಿಗೆ ಹಗುರವಾದ ಮ್ಯಾಗ್ನೋಲಿಯಾ ಮರ, ಅದರ ಕೊರಳಿಗೆ ಎಮ್ಮೆಕೊಂಬಿನ ಬಳೆ.

ಈ ಉಕ್ಕು ಸ್ಟೇನ್‌ಲೆಸ್ ಅಲ್ಲ. ಈರುಳ್ಳಿ, ನಿಂಬೆ ತಾಗಿದರೆ ಸಾಕು, ನಮ್ಮ ಹಳೆಯ ಈಳಿಗೆಮಣೆಯ ಹಾಗೆ ಬಣ್ಣ ತಿರುಗುತ್ತದೆ. ಬಳಸಿದಂತೆಲ್ಲ ನೀಲಿ, ಬೂದು, ಕಪ್ಪು ಛಾಯೆಗಳು ಅಲಗಿನ ಮೇಲೆ ಮೂಡುತ್ತವೆ. ಆ ಪದರವೇ ಕೆಂಪು ತುಕ್ಕನ್ನು ಒಂದಿಷ್ಟು ತಡೆಯುತ್ತದೆ. ನನಗಂತೂ ಹೊಸ ಚೂರಿಗಿಂತ ಹೀಗೆ ಬಣ್ಣ ಕಟ್ಟಿದ್ದೇ ಚೆಂದ.

ಎಂದಾದರೂ ಇಂಥದ್ದೊಂದು ನಿಮ್ಮ ಕೈಗೆ ಬಂದರೆ ಒದ್ದೆಯಾಗಿ ಬಿಡಬೇಡಿ, ತೊಳೆದ ಕೂಡಲೇ ಒರೆಸಿಡಿ. ಮೂಳೆ ಕಡಿಯಬೇಡಿ, ಅಂಚು ಚಕ್ಕೆ ಏಳುತ್ತದೆ. ಕಿಡಿ ಹಾರಿಸುವ ಸಾಣೆಚಕ್ರಕ್ಕಂತೂ ಖಂಡಿತ ಕೊಡಬೇಡಿ. ಅಂಚು ಅತಿಯಾಗಿ ಬಿಸಿಯಾದರೆ ಕಮ್ಮಾರ ಕತ್ತಲಲ್ಲಿ ಕೂಡಿಸಿದ ಹದ ಅಲ್ಲೇ ಕೆಡುತ್ತದೆ. ನೀರಿನಲ್ಲಿ ನೆನೆಸಿದ ಸಾಣೆಕಲ್ಲು ಸಾಕು.