ಚಿತ್ರದ ಎಲೆಯೂ ವಿಧಿಯ ಬರಹವೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಸಂತೆ ಜಾತ್ರೆಗಳಲ್ಲಿ ಗಿಳಿಶಾಸ್ತ್ರದವನನ್ನು ಕಾಣದೆ ಬೆಳೆದವರು ನಮ್ಮ ಹಿರಿಯ ವಾಚಕರಲ್ಲಿ ವಿರಳ. ಗಿಳಿಯು ಪಂಜರದಿಂದ ಹೊರಬಂದು ಸಾಲಾಗಿ ಜೋಡಿಸಿದ ಎಲೆಗಳಲ್ಲೊಂದನ್ನು ಕೊಕ್ಕಿನಿಂದ ಎಳೆಯುವುದು. ಕಾಳೊಂದನ್ನು ಪಡೆದು ಮರಳಿ ಪಂಜರ ಸೇರುವುದು. ಅದರ ಯಜಮಾನನು ಎಲೆಯಲ್ಲಿದ್ದ ದೇವರ ಚಿತ್ರವನ್ನು ತೋರಿಸಿ, ಎದುರು ಕುಳಿತ ರೈತನಿಗೆ ಮಳೆ, ಮಗಳ ಮದುವೆ, ಸಾಲದ ತೀರುವಳಿ ಇವುಗಳ ಭವಿಷ್ಯವನ್ನು ನುಡಿಯುವನು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಕಾಡಿನ ಗಿಳಿಯನ್ನು ಹಿಡಿದು ಸಾಕುವುದನ್ನು ತಡೆದಿರುವುದರಿಂದ ಆ ನೋಟ ಈಗ ಅಪರೂಪವಾಗಿದೆ. ಆದರೆ ಭವಿಷ್ಯವನ್ನು ಕೇಳುವ ಆತುರವು ಗಿಳಿಯೊಡನೆ ಹಾರಿಹೋಗಲಿಲ್ಲ. ಅದರ ಸ್ಥಾನಕ್ಕೆ ಟ್ಯಾರೋ ಎಂಬ ಪಶ್ಚಿಮದ ಎಲೆಗಳು ಬಂದಿವೆ.

ಈ ಕಟ್ಟಿನಲ್ಲಿ 78 ಎಲೆಗಳು. ಅವುಗಳಲ್ಲಿ 22 ವಿಶೇಷ ಚಿತ್ರಗಳು: ಮೂಢ, ಸನ್ಯಾಸಿ, ಅದೃಷ್ಟಚಕ್ರ, ಮೃತ್ಯು ಮುಂತಾದವು. ಇತ್ತೀಚೆಗೆ ಮಾರಾಟಕ್ಕೆ ಬಂದಿರುವ ಕೆಲವು ಕಟ್ಟುಗಳಲ್ಲಿ ಈ ಮೂರ್ತಿಗಳನ್ನು 1920-30ರ ದಶಕಗಳ ಅಮೆರಿಕದ ವ್ಯಂಗ್ಯಚಿತ್ರಗಳ ಶೈಲಿಯಲ್ಲಿ ಬರೆದಿದ್ದಾರೆ. 1928ರ ಮಿಕ್ಕಿ ಇಲಿಯ ಚಲಚ್ಚಿತ್ರವನ್ನು ನೋಡಿದವರಿಗೆ ಆ ರೀತಿ ಪರಿಚಿತ. ರಬ್ಬರಿನ ನಳಿಗೆಯಂತೆ ಬಳುಕುವ ಕೈಕಾಲು, ಬಿಳಿಯ ಕೈಚೀಲ, ಗುಂಡುಗಣ್ಣು. ಮೃತ್ಯುವೂ ಹಲ್ಲು ಕಿರಿದು ಕುಣಿಯುವನು. ಚಿತ್ರಗಳು ಮನೋಹರವಾಗಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಯಮನನ್ನೇ ನಗಿಸಬಲ್ಲ ಚಿತ್ರಕಾರನಿಗೆ ನಮ್ಮ ಪ್ರಶಂಸೆಯೂ ಸಲ್ಲುವುದು. ನಮ್ಮ ಆಕ್ಷೇಪವಿರುವುದು ಆ ಎಲೆಗೆ ಆರೋಪಿಸಲಾಗಿರುವ ತ್ರಿಕಾಲಜ್ಞಾನದ ವಿಷಯದಲ್ಲಿ.

ಚರಿತ್ರೆಯನ್ನು ನೋಡೋಣ. ಈ ಎಲೆಗಳು 1440ರ ಸುಮಾರಿಗೆ ಉತ್ತರ ಇಟಲಿಯ ಅರಮನೆಗಳಲ್ಲಿ ಹುಟ್ಟಿದ್ದು ಕೇವಲ ಆಟಕ್ಕಾಗಿ. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಜನರು ಅವುಗಳಿಂದ ಆಡಿದರು, ಗೆದ್ದರು, ಸೋತರು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಎಂಬ ಪಂಡಿತನು ಇವು ಪ್ರಾಚೀನ ಈಜಿಪ್ಟಿನ ಗುಪ್ತವಿದ್ಯೆಯ ಗ್ರಂಥವೆಂದು ಸಾರಿದನು. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋನ್ ಬಿಡಿಸಿದ್ದು 1822ರಲ್ಲಿ. ಅಂದರೆ ಆ ಪಂಡಿತನು ತನಗೆ ಓದಲು ಬಾರದ ಲಿಪಿಯ ಹೆಸರಿನಲ್ಲಿ ಪ್ರಮಾಣವಿತ್ತನು! ಇಂದಿನ ಕಣಿನುಡಿಯ ವ್ಯಾಪಾರವೆಲ್ಲವೂ ಆ ಅಡಿಪಾಯದ ಮೇಲೆಯೇ ನಿಂತಿರುವುದು.

ಈಗ ನಮ್ಮ ಕಡೆಗೆ ತಿರುಗೋಣ. ಶಿರಾ ಪಟ್ಟಣವು 1687ರಿಂದ ಎಪ್ಪತ್ತು ವರ್ಷ ಮೊಗಲರ ಸುಭಾದ ರಾಜಧಾನಿಯಾಗಿದ್ದುದು ಸರ್ವವಿದಿತ. ಆ ಮೊಗಲರೇ ಗಂಜೀಫಾ ಎಂಬ ಪಾರಸಿ ಹೆಸರಿನ ಎಲೆಯಾಟವನ್ನು ಹಿಂದೂಸ್ಥಾನದಲ್ಲಿ ಬೆಳೆಸಿದವರು. ಬಾಬರನು ಅದನ್ನು ಮಿತ್ರನಿಗೆ ಕಳುಹಿಸಿದ ಸಂಗತಿಯನ್ನು ತನ್ನ ಆತ್ಮಚರಿತ್ರೆಯಲ್ಲಿಯೇ ಬರೆದಿದ್ದಾನೆ. ನಮ್ಮ ಜನರು ಪರದೇಶದ ಈ ಆಟವನ್ನು ತೆಗೆದುಕೊಂಡು ತಮ್ಮದನ್ನಾಗಿ ಮಾಡಿಕೊಂಡರು. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ 12ರಂತೆ 120 ದುಂಡನೆಯ ಎಲೆಗಳು. ಹಗಲಿನ ಆಟಕ್ಕೆ ರಾಮನೂ ರಾತ್ರಿಯ ಆಟಕ್ಕೆ ಕೃಷ್ಣನೂ ಅಗ್ರಗಣ್ಯರು. ಸಿರಿವಂತರಿಗೆ ದಂತದ ಎಲೆ, ಸಾಮಾನ್ಯರಿಗೆ ಅರಗು ಬಳಿದ ಬಟ್ಟೆಯ ಎಲೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಈ ಆಟವನ್ನು 360 ಎಲೆಗಳವರೆಗೆ ವಿಸ್ತರಿಸಿದರು. ಅವರ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳಿವೆ. ಗ್ರಹಗಳಿಗೆ ಗ್ರಹನಿಧಿಯೆಂಬ ಪ್ರತ್ಯೇಕ ಭಾಗವುಂಟು. ಎಲೆಯಾಟವನ್ನು ಮಹಾರಾಜರು ಸೇರಿಸಿದ್ದು ಕೌತುಕನಿಧಿಯಲ್ಲಿ! ದೈವಭಕ್ತರೂ ಶಾಸ್ತ್ರಜ್ಞರೂ ಆಗಿದ್ದ ಅವರು, ದೇವತೆಗಳ ಚಿತ್ರವೇ ಇದ್ದ ಎಲೆಗಳನ್ನು ಸಹ ವಿನೋದದ ಸ್ಥಾನದಲ್ಲಿಟ್ಟರು. ಈ ವಿವೇಚನೆಯನ್ನು ಅವರ ನಾಡಿನ ವಿದ್ಯಾವಂತರಾದ ನಾವು ಕಳೆದುಕೊಂಡರೆ ಅದು ನಾಚಿಕೆಗೇಡು.

ಇದು ಬರಿಯ ಪಾಂಡಿತ್ಯದ ಚರ್ಚೆಯೆಂದು ಯಾರೂ ಭಾವಿಸಬಾರದು. ನಮ್ಮ ನಾಲ್ಕು ತಾಲ್ಲೂಕುಗಳು ಬರದ ಬಾಧೆಯನ್ನು ಬಲ್ಲವು. ಪಾವಗಡದ ಕೊಳವೆಬಾವಿಗಳ ಫ್ಲೋರೈಡು ಬೆರೆತ ನೀರು ಎಷ್ಟೋ ಜನರ ಹಲ್ಲುಮೂಳೆಗಳನ್ನು ಕೆಡಿಸಿದೆ. ನೊಂದವನು ಶನಿಮಹಾತ್ಮನ ಸನ್ನಿಧಿಗೆ ಹೋಗಿ ಕೈಮುಗಿದರೆ ಅದು ಅವನ ಭಕ್ತಿ. ಅದರಲ್ಲಿ ನಾವು ಕೈಹಾಕುವುದಿಲ್ಲ. ಆದರೆ ಅವನ ಸಂಕಟವನ್ನೇ ಬಂಡವಾಳವಾಗಿಸಿಕೊಂಡು ಎಲೆಗೊಂದು ಬೆಲೆ ಕಟ್ಟುವವನ ವಿಷಯ ಬೇರೆ. ಪಾವಗಡದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2018ರಿಂದ ಸೌರವಿದ್ಯುತ್ತು ಹುಟ್ಟುತ್ತಿದೆ. ಭೂಮಿಯುಳ್ಳವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ನಿಗದಿಯಾಯಿತು. ಭೂಮಿಯಿಲ್ಲದ ಕೂಲಿಕಾರರಿಗೆ ಹೊಲದ ಕೆಲಸವೇ ತಪ್ಪಿತು. ಒಬ್ಬನ ಹಣೆಬರಹವನ್ನು ತಿದ್ದಿದ್ದೂ ಇನ್ನೊಬ್ಬನದನ್ನು ಅಳಿಸಿದ್ದೂ ಗುತ್ತಿಗೆಯ ಕಾಗದ. ಯಾವ ಟ್ಯಾರೋ ಎಲೆಯಲ್ಲಿಯೂ ಅದು ಬರೆದಿರಲಿಲ್ಲ. ಅಂತಹ ಕಾಗದವನ್ನು ಓದಿ, ಅರ್ಥ ಹೇಳಿ, ಅನ್ಯಾಯವಿದ್ದಲ್ಲಿ ತಿದ್ದಿಸಬಲ್ಲವರು ನಮ್ಮ ವಿದ್ಯಾವಂತರೂ ಅಧಿಕಾರಿಗಳೂ. ಬಡವನಿಗೆ ಬೇಕಾಗಿರುವ ಭವಿಷ್ಯವಾಣಿ ಇದೊಂದೇ.

ಚಿತ್ರದ ಎಲೆಗಳು ಬೇಡವೆಂದು ನಾವು ಹೇಳುವವರಲ್ಲ. ಮಕ್ಕಳು ಆ ವ್ಯಂಗ್ಯಚಿತ್ರಗಳನ್ನು ನೋಡಿ ನಗಲಿ. ಅದರೊಡನೆ, ಮೈಸೂರಿನ ಗಂಜೀಫಾ ಕಲೆಯನ್ನು ಮರಳಿ ಬೆಳಕಿಗೆ ತಂದ ರಘುಪತಿ ಭಟ್ಟರಂತಹ ಕಲಾವಿದರ ಶ್ರಮವನ್ನೂ ನೆನೆಯಲಿ. ನಮ್ಮ ಶಾಲೆಗಳು ಒಂದು ಕಟ್ಟನ್ನಾದರೂ ತರಿಸಿ ಮಕ್ಕಳಿಗೆ ತೋರಿಸಿದರೆ, ಕಲೆಗಾರನಿಗೆ ಅನ್ನವೂ ಮಕ್ಕಳಿಗೆ ಅಭಿರುಚಿಯೂ ಲಭಿಸುವುವು. ಎಲೆಯನ್ನು ಆಡಲಿಕ್ಕೆ ಇಟ್ಟುಕೊಳ್ಳೋಣ; ನಾಳೆಯನ್ನು ನಮ್ಮ ಕೈಯಿಂದಲೇ ಬರೆಯೋಣ.