ಕಬ್ಬಿನ ಬಿಲ್ಲಿನ ಹಿಂದಿನ ನಕ್ಷೆ

ಒಂದು ಸಂಸ್ಥೆಯ ಕೆಲಸ ಹೇಗೆ ಸಾಗುತ್ತದೆ, ಅದಕ್ಕೆ ಯಾವ ಮಾಹಿತಿ ಬೇಕು, ಆ ಮಾಹಿತಿ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಬಿಡಿಸಿ ನೋಡುವ ವಿದ್ಯೆಯೇ ವ್ಯವಸ್ಥಾ ವಿಶ್ಲೇಷಣೆ. ಹೀಗೆ ಕಂಡದ್ದನ್ನು ಚಿತ್ರ, ಕೋಷ್ಟಕಗಳಲ್ಲಿ ಬರೆದಿಡುವುದು ಮಾದರಿ ರಚನೆ. ಬಿಸಿಎ, ಎಂಸಿಎ ವಿದ್ಯಾರ್ಥಿಗಳು ಓದುವ ಈ ವಿಷಯಕ್ಕೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಒಳ್ಳೆಯ ಉದಾಹರಣೆ ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯಂಥವು ಸಾವಿರಾರು ರೈತರ ಲೆಕ್ಕ ಇಡಬೇಕಾಗುತ್ತದೆ.

ಮೊದಲ ಹೆಜ್ಜೆ ಎಲ್ಲೆ ಗುರುತಿಸುವುದು. ಕಬ್ಬಿನ ನೋಂದಣಿ, ಕಟಾವಿನ ಪಾಳಿ, ತೂಕ, ಬಿಲ್ಲು ವ್ಯವಸ್ಥೆಯ ಒಳಗೆ ಬರುತ್ತವೆ. ರೈತ, ಕಟಾವು ಗ್ಯಾಂಗ್, ವಾಹನ ಮಾಲೀಕ, ಬ್ಯಾಂಕು ಹೊರಗೆ ನಿಂತು ಮಾಹಿತಿ ಕೊಡುವವರು ಅಥವಾ ಪಡೆಯುವವರು. ಎಲ್ಲೆ ಸ್ಪಷ್ಟವಾಗದಿದ್ದರೆ ತಂತ್ರಾಂಶದ ಕೆಲಸ ಮುಗಿಯುವುದೇ ಇಲ್ಲ.

ಎರಡನೆಯದು ಮಾಹಿತಿಯ ಹರಿವಿನ ಚಿತ್ರ. 1970ರ ದಶಕದ ಕೊನೆಯಲ್ಲಿ ಎಡ್ವರ್ಡ್ ಯೂರ್ಡನ್, ಟಾಮ್ ಡಿಮಾರ್ಕೊ ಮೊದಲಾದವರು ಇದನ್ನು ಬಳಕೆಗೆ ತಂದರು. ಹೊಲದ ವಿಸ್ತೀರ್ಣ, ತಳಿ, ನಾಟಿಯ ದಿನಾಂಕ ನೋಂದಣಿಗೆ ಬರುತ್ತವೆ. ಅಲ್ಲಿಂದ ಪಾಳಿ ಗೊತ್ತಾಗಿ ಕಟಾವಿನ ಚೀಟಿ ಹೊರಡುತ್ತದೆ. ತೂಕದ ಸೇತುವೆಯಲ್ಲಿ ತುಂಬಿದ ಗಾಡಿಯ ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಕಬ್ಬಿನ ನಿವ್ವಳ ತೂಕ ಸಿಗುತ್ತದೆ. ಬಿಲ್ಲು ನಿಂತಿರುವುದು ಅದರ ಮೇಲೆ. ಈ ಚಿತ್ರದಲ್ಲಿ ಬಾಣ ಒಳಬಂದರೂ ಹೊರಹೋಗದ ಹೆಜ್ಜೆ ಕಂಡರೆ, ಯಾರೂ ಬಳಸದ ಮಾಹಿತಿಯನ್ನು ಅಲ್ಲಿ ಕೂಡಿಡಲಾಗುತ್ತಿದೆ ಎಂದರ್ಥ.

ಹರಿವಿನ ಚಿತ್ರ ಹೇಳದ್ದನ್ನು ಪೀಟರ್ ಚೆನ್ 1976ರಲ್ಲಿ ಮಂಡಿಸಿದ ಘಟಕ-ಸಂಬಂಧ ಮಾದರಿ ಹೇಳುತ್ತದೆ. ಯಾವ ವಸ್ತುಗಳ ದಾಖಲೆ ಇಡಬೇಕು, ಅವುಗಳ ನಂಟೇನು ಎಂಬುದು ಅದರ ಪ್ರಶ್ನೆ. ಒಬ್ಬ ರೈತನಿಗೆ ಹಲವು ಹೊಲ, ಒಂದು ಹೊಲಕ್ಕೆ ಹಲವು ಗಾಡಿ. ನಾಟಿ ಕಬ್ಬಿನ ಬಳಿಕ ಅದೇ ಹೊಲದಲ್ಲಿ ಕೂಳೆ ಬೆಳೆ ಬರುವುದರಿಂದ ಹೊಲ ಮತ್ತು ಬೆಳೆ ಬೇರೆ ಬೇರೆ ದಾಖಲೆಗಳಾಗಬೇಕು. 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಂಥ ವಿತರಣಾ ಸಂಸ್ಥೆಯಲ್ಲೂ ಇದೇ ಪ್ರಶ್ನೆ ಏಳುತ್ತದೆ. ಮನೆಗೊಂದು, ಪಂಪ್‌ಸೆಟ್ಟಿಗೊಂದು ಸಂಪರ್ಕ ಇರುವವನು ಒಬ್ಬನೇ ಗ್ರಾಹಕ. ಮನೆ ಮಾರಿದರೆ ಹೆಸರು ಬದಲಾಗುತ್ತದೆ, ಸಂಪರ್ಕ ಉಳಿಯುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಹಳೆಯ ಬಾಕಿ ಯಾರದೆಂಬ ಗೊಂದಲ ಹುಟ್ಟುತ್ತದೆ.

ಕಾಲಕ್ರಮದಲ್ಲಿ ಒಂದು ದಾಖಲೆಯ ಸ್ಥಿತಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ 1997ರಲ್ಲಿ ಪ್ರಮಾಣಿತವಾದ ಯುಎಂಎಲ್ ಚಿತ್ರಭಾಷೆಯಲ್ಲಿ ಸ್ಥಿತಿ ಚಿತ್ರವಿದೆ. ಕಬ್ಬು ನೋಂದಣಿಯಾದದ್ದು, ಪಾಳಿ ಬಂದದ್ದು, ಕಟಾವಾದದ್ದು, ತೂಕವಾದದ್ದು, ಹಣ ಸಂದಾಯವಾದದ್ದು ಹೀಗೆ ಒಂದೊಂದು ಸ್ಥಿತಿ. ತೂಕವಾಗದೆ ಹಣ ಸಂದಾಯವಾಗದಂತೆ ತಡೆಯುವ ಕಟ್ಟು ಇಲ್ಲಿಂದಲೇ ಬರುತ್ತದೆ.

ಚಿತ್ರಗಳ ಜೊತೆಗೆ ನಿಯಮಗಳನ್ನೂ ಬರೆದಿಡಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಶೇ 10.25ರ ಮೂಲ ಸಕ್ಕರೆ ಇಳುವರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ನ್ಯಾಯಸಮ್ಮತ ದರ 2024-25ರ ಹಂಗಾಮಿಗೆ ಕ್ವಿಂಟಲಿಗೆ 340 ರೂಪಾಯಿ ಇತ್ತು, 2025-26ಕ್ಕೆ 355 ಆಯಿತು. ಹಂಗಾಮಿಗೊಮ್ಮೆ ಬದಲಾಗಬಲ್ಲ ದರವನ್ನು ಪ್ರೋಗ್ರಾಮಿನೊಳಗೆ ಹುದುಗಿಸದೆ ಕೋಷ್ಟಕದಲ್ಲಿಟ್ಟರೆ, ಹಂಗಾಮು ಬದಲಾದಾಗ ಒಂದು ಸಂಖ್ಯೆ ತಿದ್ದಿದರೆ ಸಾಕು.

ಕೊನೆಯ ಕೆಲಸ ಪರಿಶೀಲನೆ. ವಿಶ್ಲೇಷಕರು ಚಿತ್ರಗಳನ್ನು ಹೊಲಕ್ಕೆ ಹೋಗುವ ಸಿಬ್ಬಂದಿ, ತೂಕದ ಗುಮಾಸ್ತರು, ಲೆಕ್ಕ ವಿಭಾಗದವರ ಮುಂದಿಟ್ಟು ತಪ್ಪು ಹುಡುಕಿಸುತ್ತಾರೆ. ಕಬ್ಬಿಗೆ ಬೆಂಕಿ ಬಿದ್ದರೆ ಪಾಳಿ ಹೇಗೆ, ರೈತ ತೀರಿಕೊಂಡರೆ ಬಿಲ್ಲು ಯಾರಿಗೆ, ಕರೆಂಟ್ ಹೋದಾಗ ತೂಕ ದಾಖಲಿಸುವುದು ಎಲ್ಲಿ ಎಂಬ ಪ್ರಶ್ನೆಗಳು ಏಳುವುದು ಆಗಲೇ. ಅವುಗಳ ಉತ್ತರವನ್ನೂ ಮಾದರಿಯಲ್ಲಿ ಸೇರಿಸಿದ ಮೇಲೆಯೇ ತಂತ್ರಾಂಶ ಬರೆಯುವ ಕೆಲಸ ಶುರುವಾಗುತ್ತದೆ.