ಕ್ರಿಸ್ಮಸ್ ಮನೆಗೆಲಸ: ನಾಲ್ಕು ಭಾನುವಾರದ ಲೆಕ್ಕ, 17ನೇ ತಾರೀಕಿನ ಗೆರೆ

ಕಾರ್ಕಳ: ಡಿಸೆಂಬರ್ 24ರ ಸಂಜೆ. ಚರ್ಚಿನ ಗಂಟೆ ಹೊಡೆಯಲು ಇನ್ನು ಒಂದೇ ತಾಸು. ಅಡುಗೆಮನೆಯಲ್ಲಿ ಬಾಣಲೆ ಇನ್ನೂ ಒಲೆ ಮೇಲೆಯೇ ಉಂಟು. ಟೈಲರ್ ಅಂಗಡಿಯಿಂದ ಬ್ಲೌಸ್ ಬಂದಿಲ್ಲ, ಗೋದಲಿಯ ಬಲ್ಬು ಹತ್ತುತ್ತಿಲ್ಲ, ಊರಿಗೆ ಬಂದ ಮಕ್ಕಳು ಟವೆಲ್ ಎಲ್ಲಿ ಅಂತ ಕೇಳ್ತಿದ್ದಾರೆ. ಇದೆಲ್ಲ ಮುಗಿಸಿ ಚರ್ಚಿನ ಬೆಂಚಲ್ಲಿ ಕೂತ ಮನೆಯಾಕೆಗೆ ಪ್ರವಚನ ಶುರುವಾಗುವ ಹೊತ್ತಿಗೆ ಕಣ್ಣು ಎಳೆಯುತ್ತದೆ. ಇಡೀ ಹಬ್ಬವನ್ನು ಕಟ್ಟಿದವರಿಗೇ ಹಬ್ಬ ಸಿಗುವುದಿಲ್ಲ.

ನಮ್ಮ ತಾಲೂಕಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ವರ್ಷವರ್ಷ ನಡೆಯುವ ಕಥೆ ಇದು. ಆದರೆ ಈ ಗಡಿಬಿಡಿಗೆ ಔಷಧ ಹೊರಗಿನಿಂದ ತರಬೇಕಾಗಿಲ್ಲ. ಚರ್ಚಿನ ಕ್ಯಾಲೆಂಡರಿನಲ್ಲೇ ನಾಲ್ಕು ವಾರದ ತಯಾರಿಗೆ ಜಾಗ ಇಟ್ಟಿದ್ದಾರೆ. ಮನೆಗೆಲಸವನ್ನೂ ಅದೇ ಕ್ಯಾಲೆಂಡರಿಗೆ ಜೋಡಿಸಿದರೆ ಕೊನೆಯ ವಾರ ಹಗುರ ಆಗುತ್ತದೆ. ಹೇಗೆ ಅಂತ ನೋಡೋಣ. ಅಂಗಡಿಯವರಿಗೂ ಇದರಲ್ಲಿ ಲಾಭದ ಮಾತು ಉಂಟು.

ಆಗಮನ ಕಾಲ ಅಂದರೇನು?

ಕ್ರಿಸ್ಮಸ್‌ಗೆ ಮೊದಲು ಬರುವ ನಾಲ್ಕು ಭಾನುವಾರಗಳ ಅವಧಿಗೆ ಆಗಮನ ಕಾಲ ಅಥವಾ ಅಡ್ವೆಂಟ್ ಅಂತ ಹೆಸರು. ಕೆಥೊಲಿಕರಲ್ಲೂ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟೆಂಟರಲ್ಲೂ ಇದು ಉಂಟು. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. 2025ರಲ್ಲಿ ಅದು ನವೆಂಬರ್ 30. ಉಳಿದ ಮೂರು ಡಿಸೆಂಬರ್ 7, 14, 21. ಕ್ರಿಸ್ಮಸ್ ಬರುವುದು ಗುರುವಾರ.

ಈ ಅವಧಿ ಎಲ್ಲ ವರ್ಷ ಒಂದೇ ಉದ್ದ ಇರುವುದಿಲ್ಲ. 2023ರಲ್ಲಿ ನಾಲ್ಕನೇ ಭಾನುವಾರ ಡಿಸೆಂಬರ್ 24ಕ್ಕೇ ಬಂದು ಸಿಕ್ಕಿದ್ದು 22 ದಿನ ಮಾತ್ರ. 2025ರಲ್ಲಿ 25 ದಿನ. ಹಾಗಾಗಿ "ಇನ್ನೂ ನಾಲ್ಕು ವಾರ ಉಂಟಲ್ಲ" ಅಂತ ಕೂರುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿಕೊಳ್ಳಬೇಕು.

ಅಡ್ವೆಂಟ್ ಚಕ್ರದಲ್ಲಿ ನಾಲ್ಕು ಮೊಂಬತ್ತಿ: ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಬಣ್ಣದ್ದು ಮೂರನೇ ಭಾನುವಾರದ್ದು, ಸಂತೋಷದ ಭಾನುವಾರ. ಡಿಸೆಂಬರ್ 17ರಿಂದ 24ರವರೆಗಿನ ಎಂಟು ದಿನಗಳಿಗೆ ಕೆಥೊಲಿಕ್ ಪೂಜಾವಿಧಿಯಲ್ಲಿ ಬೇರೆಯೇ ಪ್ರಾರ್ಥನೆಗಳಿವೆ. ಅಲ್ಲಿಂದ ಮನಸ್ಸು ಪೂರ್ತಿ ಬೆತ್ಲೆಹೇಮಿನ ಕಡೆಗೆ ತಿರುಗಬೇಕು ಅಂತ ಅರ್ಥ. ಮನೆಗೂ ಇದೇ ಗೆರೆ ಎಳೆಯಿರಿ: 17ಕ್ಕೆ ಬಾಣಲೆ ಕೆಳಗೆ ಇಳಿಯಬೇಕು.

ಕುಸ್ವಾರ್: ಯಾವುದು ಮೊದಲು, ಯಾವುದು ಕೊನೆಗೆ?

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳಿಗೆಲ್ಲ ಸೇರಿಸಿ ಕುಸ್ವಾರ್ ಅಂತ ಹೆಸರು. ಡಿಸೆಂಬರಿನಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ಕೆಲಸವೂ ಇದೇ. ಎಲ್ಲವನ್ನೂ ಕೊನೆಯ ಮೂರು ದಿನಕ್ಕೆ ಇಟ್ಟುಕೊಳ್ಳುವುದರಿಂದಲೇ ಸುಸ್ತು. ಬಾಳಿಕೆಯ ಲೆಕ್ಕ ಗೊತ್ತಿದ್ದರೆ ಸಾಲಾಗಿ ಹಂಚಿಕೊಳ್ಳಬಹುದು.

ಮೊದಲು ಕಿಡ್ಯೊ ಮತ್ತು ತುಕ್ಡಿ. ಮೈದಾ ಹಿಟ್ಟನ್ನು ಫೋರ್ಕ್ ಅಥವಾ ಹೊಸ ಬಾಚಣಿಗೆಯ ಮೇಲೆ ಉರುಟಿ, ಕರಿದು, ಸಕ್ಕರೆ ಪಾಕ ಹಿಡಿಸಿದ ಕಿಡ್ಯೊ ಸರಿಯಾಗಿ ಮುಚ್ಚಿಟ್ಟರೆ ವಾರಗಟ್ಟಲೆ ಗರಿಗರಿ ಇರುತ್ತದೆ. ಆಮೇಲೆ ಚಕ್ಲಿ ಮತ್ತು ಕೊಕ್ಕಿಸಾಂ, ಅಂದರೆ ಗುಲಾಬಿ ಹೂವಿನ ಅಚ್ಚಿನ ತಿಂಡಿ. ಕೊಕ್ಕಿಸಾಂ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯದಿದ್ದರೆ ಹಿಟ್ಟು ಬಿಡುವುದಿಲ್ಲ. ಹಾಗಾಗಿ ಅಚ್ಚನ್ನು ವಾರ ಮೊದಲೇ ತೆಗೆದು, ತುಕ್ಕು ಒರೆಸಿ, ಎಣ್ಣೆ ಹಚ್ಚಿ ಇಡಿ.

ಅಕ್ಕಿ ಹಿಟ್ಟು, ತೆಂಗಿನಕಾಯಿ ಹಾಕುವ ಗುಳಿಯೊ ಅದರ ನಂತರ. ನೆವ್ರಿ ಕೊನೆಗೆ. ನೆವ್ರಿ ಎಷ್ಟು ದಿನ ಉಳಿಯುತ್ತದೆ ಅನ್ನುವುದು ಒಳಗಿನ ಹೂರಣದ ಮೇಲೆ. ಹುರಿದ ಎಳ್ಳು, ರವೆ, ಒಣಕೊಬ್ಬರಿ ಹಾಕಿದರೆ ತಾಳುತ್ತದೆ. ಹಸಿ ತೆಂಗಿನಕಾಯಿ ಹಾಕಿದರೆ ನಾಲ್ಕು ದಿನದಲ್ಲೇ ವಾಸನೆ ಬರಬಹುದು. ಕೇಕಿನ ಒಣಹಣ್ಣುಗಳನ್ನು ನವೆಂಬರ್ ಕೊನೆಗೇ ರಮ್ಮಿನಲ್ಲಿ ನೆನೆಸಿಡಬಹುದು. ರಮ್ ಬೇಡ ಅನ್ನುವವರು ಕಿತ್ತಳೆ ರಸ ಹಾಕಿ ಫ್ರಿಜ್ಜಿನಲ್ಲಿಟ್ಟು, ಒಂದೆರಡು ದಿನದ ಒಳಗೆ ಬೇಯಿಸಿಬಿಡಬೇಕು.

ಕುಸ್ವಾರ್ ಮೆತ್ತಗಾಗಲು ಮುಖ್ಯ ಕಾರಣ ಬಿಸಿ ಇರುವಾಗಲೇ ಡಬ್ಬಿಗೆ ಹಾಕುವುದು. ಒಳಗೆ ಹಬೆ ನಿಂತು ನೀರಾಗುತ್ತದೆ. ಪೂರ್ತಿ ಆರಿದ ಮೇಲೆ ಹಾಕಿ, ಮುಚ್ಚಳದ ಮೇಲೆ ತಾರೀಕು ಬರೆದು ಅಂಟಿಸಿ. ಎಣ್ಣೆ ಇಳಿಸಲು ನ್ಯೂಸ್‌ಪೇಪರ್ ಬೇಡ, ಶಾಯಿ ತಿಂಡಿಗೆ ಹಿಡಿಯುತ್ತದೆ. ಬಿಳಿ ಕಾಗದ ಅಥವಾ ಒಗೆದ ಬಟ್ಟೆ ಸಾಕು.

ವಾರದ ಪಟ್ಟಿ

ಮೊದಲ ವಾರ (ನ. 30ರಿಂದ ಡಿ. 6): ಜೇಡರ ಬಲೆ ತೆಗೆಯುವುದು, ಕರ್ಟನ್ ಒಗೆಯುವುದು, ಹಾಸಿಗೆ ಬಿಸಿಲಿಗೆ ಹಾಕುವುದು. ಜೀನಸಿನ ಪಟ್ಟಿ ಅಂಗಡಿಗೆ ಕೊಡುವುದು. ಹಳೆ ನಕ್ಷತ್ರ, ಬಲ್ಬಿನ ಸರ ಅಟ್ಟದಿಂದ ಇಳಿಸಿ ಪರೀಕ್ಷೆ ಮಾಡುವುದು. ಇಲಿ ಕಚ್ಚಿದ ವಯರಿಗೆ ಟೇಪ್ ಸುತ್ತಿ ಹಾಕಬೇಡಿ, ಹೊಸದು ತನ್ನಿ. ಬಟ್ಟೆ ಟೈಲರ್ ಹತ್ತಿರ ಹೋಗಿರಬೇಕಾದ್ದು ಇದಕ್ಕೂ ಮೊದಲೇ.

ಎರಡನೇ ವಾರ (7ರಿಂದ 13): ಕಿಡ್ಯೊ, ತುಕ್ಡಿ. ಬಫಾತ್ ಪುಡಿಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಒಣಗಿಸಿ ಹುಡಿ ಮಾಡಿಸುವುದು. ಗೋದಲಿಯ ಹಸಿರು ಗದ್ದೆಗೆ ಭತ್ತ ಅಥವಾ ರಾಗಿಯನ್ನು 13ರ ಸುಮಾರಿಗೆ ತಟ್ಟೆಯಲ್ಲಿ ಬಿತ್ತಿದರೆ ಹಬ್ಬದ ಹೊತ್ತಿಗೆ ಪೈರು ಎದ್ದಿರುತ್ತದೆ. ಈ ಕೆಲಸ ಮಕ್ಕಳಿಗೆ ಬಿಡಿ, ದಿನಾ ನೀರು ಹಾಕುವ ಜವಾಬ್ದಾರಿಯೂ ಅವರದ್ದೇ.

ಮೂರನೇ ವಾರ (14ರಿಂದ 20): 17ರ ಒಳಗೆ ಚಕ್ಲಿ, ಕೊಕ್ಕಿಸಾಂ, ಗುಳಿಯೊ, ನೆವ್ರಿ, ಕೇಕ್ ಮುಗಿಸಿ. ಆಮೇಲೆ ಗೋದಲಿ ಕಟ್ಟುವುದು, ನಕ್ಷತ್ರ ಏರಿಸುವುದು. ಪಾಪನಿವೇದನೆಗೂ ಈ ವಾರವೇ ಹೋಗಿಬಂದರೆ ಕೊನೆಯ ದಿನದ ಉದ್ದ ಸಾಲು ತಪ್ಪುತ್ತದೆ.

ನಾಲ್ಕನೇ ವಾರ (21ರಿಂದ 24): ಕುಸ್ವಾರ್ ತಟ್ಟೆ ಹಂಚುವುದು, ಮಾಂಸ, ತರಕಾರಿ, ಹೂವು. ಅಷ್ಟೆ.

24ರ ದಿನ ಚಿಕ್ಕದಾಗಿದೆ

ಹಿಂದೆ ಕ್ರಿಸ್ಮಸ್ ರಾತ್ರಿಯ ಪೂಜೆ ನಡುರಾತ್ರಿಗೆ ಇರುತ್ತಿತ್ತು. ಈಗ ಹಲವು ಚರ್ಚ್‌ಗಳಲ್ಲಿ ಸಂಜೆಯೇ ಶುರು. ಅಂದರೆ ಮನೆಯವರಿಗೆ 24ರಂದು ಸಿಗುತ್ತಿದ್ದ ನಾಲ್ಕೈದು ತಾಸು ಹೋಯಿತು, ಆದರೆ ಕೆಲಸದ ಪಟ್ಟಿ ಹಳೆಯದೇ ಉಳಿದಿದೆ. ಗಡಿಬಿಡಿಗೆ ಇದೂ ಒಂದು ಕಾರಣ.

ಇದಕ್ಕೆ ಅಡುಗೆಯಲ್ಲೇ ಉಪಾಯ ಉಂಟು. ಹಂದಿ ಬಫಾತ್ ಮಾಡಿದ ದಿನಕ್ಕಿಂತ ಮರುದಿನವೇ ರುಚಿ. ಮಸಾಲೆ, ವಿನೆಗರ್ ಒಳಗೆ ಇಳಿಯಲು ಹೊತ್ತು ಬೇಕು. ಹಾಗಾಗಿ 24ರ ಬೆಳಿಗ್ಗೆಯೇ ಬೇಯಿಸಿ, ಆರಿದ ಕೂಡಲೇ ಫ್ರಿಜ್ಜಿಗಿಟ್ಟು, 25ಕ್ಕೆ ಚೆನ್ನಾಗಿ ಕುದಿಸಿದರೆ ಆಯಿತು. ಸನ್ನದ ಹಿಟ್ಟು ರುಬ್ಬಿಟ್ಟರೆ ರಾತ್ರಿ ತಾನಾಗಿ ಹುಳಿಯುತ್ತದೆ. 24ರ ಮಧ್ಯಾಹ್ನಕ್ಕೆ ಗಂಜಿ, ಚಟ್ನಿ ಸಾಕು. ಮೂರು ಗಂಟೆಯ ನಂತರ ಅಡುಗೆಮನೆ ಬಂದ್. ಒಂದು ತಾಸು ಕಾಲು ಚಾಚಿ ಮಲಗಿದರೆ ಯಾರ ಅಪ್ಪಣೆಯೂ ಬೇಕಿಲ್ಲ.

ಕೆಲಸ ಒಬ್ಬರದ್ದೇ ಯಾಕೆ?

ಎಷ್ಟು ಚಂದ ಪಟ್ಟಿ ಮಾಡಿದರೂ ಮಾಡುವ ಕೈ ಎರಡೇ ಇದ್ದರೆ ಸುಸ್ತು ತಪ್ಪುವುದಿಲ್ಲ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಮಾರ್ತಾ, ಮರಿಯಾ ಎಂಬ ಅಕ್ಕತಂಗಿಯರ ಪ್ರಸಂಗ ಬರುತ್ತದೆ. ಯೇಸು ಮನೆಗೆ ಬಂದಾಗ ಮಾರ್ತಾ ಉಪಚಾರದ ಕೆಲಸದಲ್ಲಿ ಮುಳುಗಿ, ತಂಗಿ ಕೈ ಜೋಡಿಸುತ್ತಿಲ್ಲ ಅಂತ ದೂರು ಹೇಳುತ್ತಾಳೆ. ಹಲವು ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದೀಯಾ ಅಂತ ಯೇಸು ಅವಳಿಗೆ ಹೇಳುತ್ತಾರೆ. ಈ ಪಾಠ ಕೇಳಿ ಮನೆಯ ಹೆಂಗಸರು ತಮ್ಮದೇ ತಪ್ಪು ಅಂದುಕೊಳ್ಳುವುದುಂಟು. ಆದರೆ ಮಾರ್ತಾಳಿಗೆ ನಾಲ್ಕು ಜನ ನೆರವಾಗಿದ್ದರೆ ಅವಳೂ ಕೂತು ಕೇಳಬಹುದಿತ್ತಲ್ಲ?

ಸಂಜೆ ತೇರ್ಸ್ ಪ್ರಾರ್ಥನೆ ಮುಗಿದ ಮೇಲೆ ಇಡೀ ಮನೆ ಮೇಜಿನ ಸುತ್ತ ಕೂತು ಒಂದು ತಾಸು ಕಿಡ್ಯೊ ಉರುಟಿದರೆ ಕೆಲಸಕ್ಕೆ ಕೆಲಸವೂ ಆಯಿತು, ಮಾತಿಗೆ ಮಾತೂ ಆಯಿತು. ತೆಂಗಿನಕಾಯಿ ತುರಿಯುವುದು, ಎಣ್ಣೆ ಮುಂದೆ ನಿಲ್ಲುವುದು, ಪಾತ್ರೆ ತೊಳೆಯುವುದು ಗಂಡಸರಿಗೂ ಬರುತ್ತದೆ. ಗೋದಲಿ, ನಕ್ಷತ್ರ ಅಂತ ಹೊರಗಿನ ಕೆಲಸಕ್ಕೆ ಮಾತ್ರ ನಿಲ್ಲುವುದು ಸಾಕಾಗುವುದಿಲ್ಲ.

ಇನ್ನು, ಮಕ್ಕಳೆಲ್ಲ ಮುಂಬೈ, ಬೆಂಗಳೂರು, ಗಲ್ಫ್ ಅಂತ ಹೋಗಿ ವಯಸ್ಸಾದ ಇಬ್ಬರೇ ಉಳಿದ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಅಂಥವರು ಒಂಬತ್ತು ಬಗೆ ಮಾಡಲೇಬೇಕು ಅಂತ ಯಾವ ನಿಯಮವೂ ಇಲ್ಲ. ಎರಡು ಬಗೆ ಮನೆಯಲ್ಲಿ ಮಾಡಿ, ಉಳಿದದ್ದನ್ನು ಬೇಕರಿಯಿಂದಲೋ ಮನೆಯಲ್ಲೇ ಮಾಡಿ ಮಾರುವ ಹೆಂಗಸರಿಂದಲೋ ತಂದರೆ ಹಬ್ಬದ ಮರ್ಯಾದೆ ಏನೂ ಕಮ್ಮಿ ಆಗುವುದಿಲ್ಲ.

ಯಾರ ಮನೆಗೆ ತಟ್ಟೆ?

ನೆರೆಕರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಕುಸ್ವಾರ್ ಹೋಗುವುದು ನಮ್ಮ ಊರಿನ ವಾಡಿಕೆ. ಹೆಸರಿನ ಪಟ್ಟಿ ಮೊದಲೇ ಬರೆದರೆ ಎಷ್ಟು ಮಾಡಬೇಕು ಅನ್ನುವ ಅಂದಾಜು ಸಿಗುತ್ತದೆ, ಹೆಚ್ಚಾಗಿ ಜನವರಿಯಲ್ಲಿ ಕೋಳಿಗೆ ಹಾಕುವುದೂ ತಪ್ಪುತ್ತದೆ. ಕಳೆದ ವರ್ಷ ಯಾವುದು ಉಳಿಯಿತು, ಯಾವುದು ಸಾಲಲಿಲ್ಲ ಅಂತ ಅದೇ ಪುಸ್ತಕದಲ್ಲಿ ಬರೆದಿಡಿ.

ಪಟ್ಟಿಯಲ್ಲಿ ಮೊದಲ ಹೆಸರು ಆ ವರ್ಷ ಸಾವಾದ ಮನೆಯದ್ದಾಗಿರಲಿ. ಅಂಥ ಹಲವು ಮನೆಗಳಲ್ಲಿ ಆ ವರ್ಷ ಕುಸ್ವಾರ್ ಮಾಡುವುದಿಲ್ಲ. ಕೊನೆಯ ಗಳಿಗೆಯ ಗಡಿಬಿಡಿಯಲ್ಲಿ ಮರೆತುಹೋಗುವುದೂ ಇಂಥ ಮನೆಗಳೇ. ಮೂರು ದಿನ ಮೊದಲೇ ಕೆಲಸ ಮುಗಿದಿದ್ದರೆ ತಟ್ಟೆ ಕೊಟ್ಟು ಹತ್ತು ನಿಮಿಷ ಅಲ್ಲಿ ಕೂತು ಬರಬಹುದು.

ದುಡ್ಡಿನ ಲೆಕ್ಕ, ಅಂಗಡಿಯ ಲೆಕ್ಕ

ಹಬ್ಬದ ಖರ್ಚು 12,000 ರೂಪಾಯಿ ಅಂತ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಒಟ್ಟಿಗೆ ತೆಗೆಯುವುದು ಕಷ್ಟ. ಜನವರಿಯಿಂದ ತಿಂಗಳಿಗೆ 1,000ದಂತೆ ಸಂಘದಲ್ಲೋ ಸೊಸೈಟಿಯಲ್ಲೋ ಹಾಕಿದರೆ ಅಂಗಡಿಯ ಉದ್ರಿ ಪುಸ್ತಕದಲ್ಲಿ ಹೆಸರು ಬೀಳುವುದಿಲ್ಲ. ಇದರಲ್ಲಿ ದಾನದ ಪಾಲು, ಕೆಲಸದವರಿಗೆ ಕೊಡುವ ಪಾಲು ಮೊದಲು ಬದಿಗಿಡಿ. ಕೊನೆಗೆ ಉಳಿದದ್ದನ್ನು ಕೊಡುತ್ತೇನೆ ಅಂದರೆ ಉಳಿಯುವುದಿಲ್ಲ. ನಮ್ಮ ತಾಲೂಕಿಗೆ ಇನ್ನೊಂದು ಕಾರಣವೂ ಉಂಟು: ಜನವರಿ ಕೊನೆಗೆ ಅತ್ತೂರು ಸಂತ ಲಾರೆನ್ಸ್ ಬಸಿಲಿಕಾದ ವಾರ್ಷಿಕ ಜಾತ್ರೆ. ಮತ್ತೆ ನೆಂಟರು, ಮತ್ತೆ ಅಡುಗೆ. ಡಿಸೆಂಬರಿನಲ್ಲೇ ಕೈಯೂ ಮೈಯೂ ಖಾಲಿ ಆದರೆ ಅಲ್ಲಿಗೆ ಏನೂ ಉಳಿಯುವುದಿಲ್ಲ.

ಅಂಗಡಿಯವರಿಗೆ ಮೇಲಿನ ವಾರದ ಪಟ್ಟಿಯೇ ಸ್ಟಾಕಿನ ಪಟ್ಟಿ. ಮೈದಾ, ರವೆ, ಎಳ್ಳು, ಕೊಬ್ಬರಿ, ಏಲಕ್ಕಿ, ಒಣದ್ರಾಕ್ಷಿ ನವೆಂಬರ್ ಕೊನೆಗೇ ಬೇಕು. ಡಬ್ಬಿ, ನಕ್ಷತ್ರ, ಲೈಟು ಅದರ ಬೆನ್ನಿಗೆ. 20ಕ್ಕೆ ಬಂದು "ಎಳ್ಳು ಉಂಟಾ" ಅಂತ ಕೇಳಿದ ಗಿರಾಕಿಗೆ "ಖಾಲಿ ಬಾಯಮ್ಮ" ಅಂದರೆ ಇಬ್ಬರಿಗೂ ನಷ್ಟ. ಪಟ್ಟಿ ಮೊದಲೇ ಕೊಟ್ಟವರಿಗೆ ಕಟ್ಟಿಡುವ ಕ್ರಮ ಮಾಡಿದರೆ ಕೊನೆಯ ದಿನದ ನೂಕುನುಗ್ಗಲು ಕಮ್ಮಿ ಆಗುತ್ತದೆ. ಟೈಲರ್‌ಗಳು ಬಟ್ಟೆ ತೆಗೆದುಕೊಳ್ಳುವ ಕೊನೆಯ ತಾರೀಕನ್ನು ಬೋರ್ಡಿನಲ್ಲಿ ಬರೆದು ಹಾಕಿದರೆ 24ರ ಜಗಳ ಇಲ್ಲ. ಮಾಂಸದ ಅಂಗಡಿಯವರು ಎಷ್ಟು ಕಿಲೋ, ಎಷ್ಟು ಗಂಟೆಗೆ ಅಂತ ಮುಂಗಡ ಬರೆದುಕೊಂಡರೆ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಒಂದೆರಡು ಕೆಲಸ ಉಳಿದೇ ಉಳಿಯುತ್ತದೆ. ಉಳಿಯಲಿ. ನೆವ್ರಿಯ ಅಂಚು ಬಿಚ್ಚಿದ್ದನ್ನು, ಗೋದಲಿಯಲ್ಲಿ ಒಂದು ಕುರಿಗೆ ಕಾಲಿಲ್ಲದ್ದನ್ನು ಬಂದವರು ಯಾರೂ ಲೆಕ್ಕ ಹಾಕುವುದಿಲ್ಲ. ಈಗಲೇ ಎದ್ದು ಕ್ಯಾಲೆಂಡರಿನಲ್ಲಿ ಡಿಸೆಂಬರ್ 17ಕ್ಕೆ ಒಂದು ಗೆರೆ ಹಾಕಿ, ಕೆಳಗೆ ಮನೆಯ ಪ್ರತಿಯೊಬ್ಬರ ಹೆಸರಿಗೂ ಒಂದೊಂದು ಕೆಲಸ ಬರೆಯಿರಿ. 24ರ ಸಂಜೆ ಚರ್ಚಿನ ಬೆಂಚಲ್ಲಿ ಮನೆಯಾಕೆಯೂ ಎಚ್ಚರ ಇದ್ದು ಪ್ರಾರ್ಥನೆ ಮಾಡುವಂತಾದರೆ ಈ ಲೆಕ್ಕ ಸರಿಯಾಯಿತು ಅಂತ ತಿಳಿಯಿರಿ.